ಕಾಲಿನ ನರ, ಸ್ನಾಯು, ಕೀಲುಕಟ್ಟು: ರೈತರು ತಿಳಿದಿರಬೇಕಾದ ಸಂಗತಿ

(ಜವಳಗಿರಿಯಲ್ಲಿ ನಡೆದ ಸದಸ್ಯ ರೈತರ ಸಭೆಯಲ್ಲಿ ವೈದ್ಯರು ಮಾಡಿದ ಭಾಷಣ)



ಕಬ್ಬಿನ ತಳಿ, ಗೊಬ್ಬರ, ನೀರು ಇವುಗಳ ವಿಚಾರವನ್ನು ನೀವು ಇಂಥ ಸಭೆಗಳಲ್ಲಿ ಕೇಳುತ್ತಲೇ ಇರುತ್ತೀರಿ. ಆ ಕಬ್ಬನ್ನು ನೆಟ್ಟು, ಕಳೆ ತೆಗೆದು, ಕಡಿದು, ಹೊತ್ತು ಸಾಗಿಸುವುದು ನಿಮ್ಮ ಕಾಲು. ಇಂದು ಅದರ ವಿಚಾರ ಹೇಳುತ್ತೇನೆ.

ಕಾಲಿನಲ್ಲಿ ಏನೇ ನೋವು ಬಂದರೂ "ನರ ಹಿಡಿದಿದೆ" ಎನ್ನುವುದು ನಮ್ಮ ವಾಡಿಕೆ. ಮೀನಖಂಡ ಸೆಟೆದರೂ ನರ, ಹಿಮ್ಮಡಿಯ ಮೇಲಿನ ದಪ್ಪ ಹುರಿಯೂ ನರ, ಉಬ್ಬಿದ ನೀಲಿ ರಕ್ತನಾಳವೂ ನರ. ಮಾತಿಗೆ ಇದು ಸಾಕು, ಚಿಕಿತ್ಸೆಗೆ ಸಾಲದು. ಬಾವಿಯ ಪಂಪನ್ನು ನೆನೆಯಿರಿ. ಸ್ನಾಯು ಎಂದರೆ ಮೋಟಾರು. ಎಳೆಯುವ ಕೆಲಸ ಅದರದು. ನರ ಎಂದರೆ ಮೋಟಾರಿಗೆ ಕರೆಂಟು ತರುವ ತಂತಿ. ಕೀಲುಕಟ್ಟು ಎಂದರೆ ಎಲುಬಿಗೆ ಎಲುಬನ್ನು ಬಿಗಿದ ಹುರಿ, ಗಾಡಿಯ ಮೂಕಿಗೆ ನೊಗವನ್ನು ಬಿಗಿದ ಹಗ್ಗದಂತೆ. ಮೋಟಾರು ಎಷ್ಟೇ ಚೆನ್ನಾಗಿದ್ದರೂ ತಂತಿ ಕೆಟ್ಟರೆ ನೀರು ಬರುವುದಿಲ್ಲ.

ಕಾಲಿನ ಮುಖ್ಯ ತಂತಿ ಸೊಂಟದಿಂದ ಹೊರಟು ತೊಡೆಯ ಹಿಂಭಾಗದಲ್ಲಿ ಇಳಿಯುತ್ತದೆ. ಮನುಷ್ಯನ ಮೈಯಲ್ಲಿ ಇದಕ್ಕಿಂತ ದಪ್ಪದ ನರ ಬೇರೊಂದಿಲ್ಲ. ಸಾಮಾನ್ಯವಾಗಿ ಮಂಡಿಗಿಂತ ಸ್ವಲ್ಪ ಮೇಲೆ ಅದು ಎರಡಾಗಿ ಸೀಳುತ್ತದೆ. ಒಂದು ಕವಲು ಮೀನಖಂಡದೊಳಗೆ ಇಳಿದು ಪಾದವನ್ನು ಕೆಳಗೆ ಒತ್ತುವ ಸ್ನಾಯುಗಳಿಗೆ ಹೋಗುತ್ತದೆ. ಇದಕ್ಕೆ ಮಾಂಸದ ರಕ್ಷಣೆಯುಂಟು. ಇನ್ನೊಂದು ಕವಲು ಪಾದವನ್ನು ಮೇಲಕ್ಕೆ ಎತ್ತುವ ಸ್ನಾಯುಗಳದು. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ ಒಂದು ಎಲುಬಿನ ಗುಬುಟು ಕೈಗೆ ಸಿಗುತ್ತದೆ. ಈಗಲೇ ಮುಟ್ಟಿ ನೋಡಿಕೊಳ್ಳಿ. ಆ ಗುಬುಟಿನ ಕೆಳಗೆ ಈ ನರ ಎಲುಬನ್ನು ಸುತ್ತಿಕೊಂಡು ಹೋಗುತ್ತದೆ. ಅಲ್ಲಿ ಅದರ ಮೇಲೆ ಇರುವುದು ಹೆಚ್ಚೂಕಡಿಮೆ ಬರೀ ಚರ್ಮ.

ರಾಗಿ ಹೊಲದಲ್ಲಾಗಲಿ ಕಬ್ಬಿನ ಸಾಲಿನಲ್ಲಾಗಲಿ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕಿತ್ತರೆ ಈ ನರ ಅದುಮಿಹೋಗುತ್ತದೆ. ಮೊದಲು ಜೋಮು, ಕೆಲವರಿಗೆ ಎದ್ದು ನಿಂತರೆ ಪಾದವೇ ಎತ್ತಲಾಗದು. ಹೊರದೇಶಗಳಲ್ಲಿ ಸ್ಟ್ರಾಬೆರಿ ಹಣ್ಣು ಕೀಳುವ ಕೂಲಿಗಾರರಲ್ಲಿ ಇದನ್ನು ಕಂಡ ವೈದ್ಯರು ಅವರ ಕಸುಬಿನ ಹೆಸರನ್ನೇ ರೋಗಕ್ಕೆ ಇಟ್ಟಿದ್ದಾರೆ. ಮಚ್ಚಿನ ಏಟು, ಮಂಡಿಯ ಕೆಳಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ಬಿಗಿಯಾದ ಮಾವುಕಟ್ಟು, ಇವುಗಳಿಂದಲೂ ಹೀಗಾಗಬಹುದು. ಸೊಂಟದಲ್ಲಿ ನರದ ಬೇರು ಅದುಮಿದರೂ ಪಾದ ಬೀಳಬಹುದು.

ಇನ್ನೊಂದು ಕಾರಣ ಕುಷ್ಠ. ಈ ರೋಗ ಹಿಡಿಯುವ ನರಗಳಲ್ಲಿ ಮಂಡಿಯ ಹೊರಬದಿಯ ಈ ನರವೂ ಒಂದು. 1982ರಿಂದ ಬಂದ ಕೂಡುಮದ್ದಿನಿಂದ ಕುಷ್ಠ ಪೂರ್ತಿ ವಾಸಿಯಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಆದರೆ ನಾಚಿಕೆಯಿಂದ ತಡ ಮಾಡಿದರೆ ರೋಗ ಹೋದರೂ ಬಿದ್ದ ಪಾದ ಉಳಿಯುತ್ತದೆ. ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಬಚ್ಚಿಡಬೇಡಿ.

ಪರೀಕ್ಷೆ ಸುಲಭ. ಬೆರಳುಗಳನ್ನು ಮೇಲೆತ್ತಿ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಒಂದು ಪಾದ ಇಳಿಬಿದ್ದರೆ, ನಡೆಯುವಾಗ ಬೆರಳು ನೆಲಕ್ಕೆ ತಾಗಿ ಎಡವಿದರೆ, ಪಾದದ ಮೇಲ್ಭಾಗ ಮರಗಟ್ಟಿದರೆ ಎಣ್ಣೆ ಉಜ್ಜುತ್ತ ಕೂರಬೇಡಿ. ಡೆಂಕಣಿಕೋಟೆ ಅಥವಾ ಹೊಸೂರಿನ ಸರ್ಕಾರಿ ಆಸ್ಪತ್ರೆಗೆ ಬೇಗನೆ ಹೋಗಿ. ಸೊಂಟನೋವಿನ ಜೊತೆಗೆ ಮೂತ್ರ ಕಟ್ಟಿದರೆ ಅದೇ ದಿನ ಹೋಗಬೇಕು.

ಅದುಮಿದ ನರ ಎಷ್ಟೋ ಬಾರಿ ತಾನೇ ಚೇತರಿಸಿಕೊಳ್ಳುತ್ತದೆ. ಆದರೆ ಒಳಗಿನ ಎಳೆಗಳು ಕಡಿದಿದ್ದರೆ ಅವು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ತಿಂಗಳಿಗೆ ಒಂದು ಅಂಗುಲದಷ್ಟು. ಅಷ್ಟು ಕಾಲ ಪಾದ ಜೋತುಬಿದ್ದರೆ ಹಿಂದಿನ ಸ್ನಾಯು ಮೊಟಕಾಗಿ ಕೀಲು ಬಿಗಿಯುತ್ತದೆ. ಆದುದರಿಂದ ಪಾದವನ್ನು ನೇರವಾಗಿ ಹಿಡಿದಿಡುವ ಪಟ್ಟಿ ಧರಿಸಬೇಕು. ಪ್ರತಿದಿನ ಕೈಯಿಂದ ಪಾದವನ್ನು ಮೇಲಕ್ಕೆ ಬಾಗಿಸಬೇಕು. ನರ ಮರಳದಿದ್ದರೂ ದಾರಿ ಮುಚ್ಚಿಲ್ಲ. ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಡಾ. ಪಾಲ್ ಬ್ರ್ಯಾಂಡ್ ಅವರು ವೆಲ್ಲೂರಿನಲ್ಲಿ 1940ರ ದಶಕದ ಕೊನೆಗೆ, ಬಲವಿರುವ ಸ್ನಾಯುವಿನ ಹುರಿಯನ್ನು ಬೇರೆಡೆ ಜೋಡಿಸಿ ಕುಷ್ಠರೋಗಿಗಳ ಮಡಿಚಿದ ಬೆರಳುಗಳನ್ನು ಬಿಡಿಸತೊಡಗಿದರು. ಇದೇ ಬಗೆಯ ಶಸ್ತ್ರಕ್ರಿಯೆಯಿಂದ ಬಿದ್ದ ಪಾದವನ್ನೂ ಎತ್ತಿಸಬಹುದು.

ಇನ್ನು ಉಳುಕು. ಸಾಲಿನ ಏರಿನಲ್ಲಿ ಪಾದ ಒಳಕ್ಕೆ ಹೊರಳಿದಾಗ ಹರಡಿನ ಹೊರಬದಿಯ ಕೀಲುಕಟ್ಟು ಹಿಗ್ಗುತ್ತದೆ ಅಥವಾ ಹರಿಯುತ್ತದೆ. ಇದು ನರವಲ್ಲ, ಎಳೆದು "ಉಳುಕು ತೆಗೆಸಿದರೆ" ಹರಿದದ್ದು ಇನ್ನಷ್ಟು ಹರಿಯುತ್ತದೆ. ಮೊದಲ ಎರಡು ಮೂರು ದಿನ ಉಜ್ಜಬೇಡಿ, ಶಾಖ ಕೊಡಬೇಡಿ. ತಣ್ಣೀರು ಬಟ್ಟೆ ಹಾಕಿ, ಹದವಾಗಿ ಪಟ್ಟಿ ಸುತ್ತಿ, ಕಾಲನ್ನು ದಿಂಬಿನ ಮೇಲಿಡಿ. ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಎಕ್ಸ್‌ರೇ ಬೇಕು.

ಕೊನೆಗೆ ಮೂರು ಮಾತು. ಕಳೆ ಕೀಳುವಾಗ ಅರ್ಧ ಗಂಟೆಗೊಮ್ಮೆ ಎದ್ದು ನಿಂತು ಹತ್ತು ಹೆಜ್ಜೆ ನಡೆಯಿರಿ. ಕೂಲಿಗೆ ಬಂದ ಹೆಣ್ಣುಮಕ್ಕಳು ಎದ್ದರೆ ಗದರಬೇಡಿ. ಮಚ್ಚಿನ ಗಾಯವಾದರೆ ಶುಭ್ರ ಬಟ್ಟೆಯಿಂದ ಗಾಯದ ಮೇಲೆಯೇ ಒತ್ತಿ ಹಿಡಿದು ಆಸ್ಪತ್ರೆಗೆ ತನ್ನಿ. ಧನುರ್ವಾಯುವಿನ ಸೂಜಿ ತಪ್ಪಿಸಬೇಡಿ. ಪಾದ ಬಿದ್ದರೆ ಕಟಾವು ಮುಗಿಯಲಿ ಎಂದು ಕಾಯಬೇಡಿ. ಕಬ್ಬಿಗೆ ಕೂಳೆ ಬರುತ್ತದೆ, ಕಾಲಿಗೆ ಬರುವುದಿಲ್ಲ.