ಮಾರಾಟವಾಗುವ ಫೋಟೊ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

 

ಸಾಫ್ಟ್‌ವೇರ್ ಬಗ್ಗೆ ಮಾತಾಡು ಎಂದು ನನಗೆ ಹೇಳಿದ್ದರು. ಅದನ್ನು ಹೇಳುವವರು ಈ ಗೋಷ್ಠಿಯಲ್ಲೇ ಇನ್ನೂ ಮೂವರಿದ್ದಾರೆ. ಹಾಗಾಗಿ ನಾನು ರಜೆಯ ದಿನಗಳಲ್ಲಿ ಮಾಡುವ ಇನ್ನೊಂದು ಕೆಲಸದ ಬಗ್ಗೆ ಹೇಳುತ್ತೇನೆ. ಫೋಟೊ ತೆಗೆದು ಮಾರುವುದು.

ನಾವು ಓದುವಾಗ ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಪರದೆ ತೆರೆದರೆ ಒಂದು ಹಸಿರು ಗುಡ್ಡ, ಮೇಲೆ ನೀಲಿ ಆಕಾಶ ಕಾಣುತ್ತಿತ್ತು. ನನ್ನ ಓರಗೆಯವರಿಗೆಲ್ಲ ನೆನಪಿರುತ್ತದೆ. ಅದು 1996ರಲ್ಲಿ ಚಾರ್ಲ್ಸ್ ಓರಿಯರ್ ಎಂಬ ಛಾಯಾಗ್ರಾಹಕ ಕ್ಯಾಲಿಫೋರ್ನಿಯಾದಲ್ಲಿ ದಾರಿಯಲ್ಲಿ ಹೋಗುತ್ತ ತೆಗೆದದ್ದು. ಆತ ಅದನ್ನು ಏಜೆನ್ಸಿಗೆ ಕೊಟ್ಟಿದ್ದ, ಮುಂದೆ ಮೈಕ್ರೋಸಾಫ್ಟ್ ಕೊಂಡಿತು. ಹೀಗೆ ಮೊದಲೇ ತೆಗೆದಿಟ್ಟು, ಬೇಕಾದವರಿಗೆ ಬಳಸುವ ಹಕ್ಕನ್ನು ಮಾರುವ ಚಿತ್ರಕ್ಕೆ ಸ್ಟಾಕ್ ಫೋಟೊ ಅನ್ನುತ್ತಾರೆ. ಈಗ ಶಟರ್‌ಸ್ಟಾಕ್, ಅಡೋಬಿ ಸ್ಟಾಕ್ ಮುಂತಾದ ಕಡೆ ಯಾರು ಬೇಕಾದರೂ ಚಿತ್ರ ಕಳಿಸಬಹುದು. ಆದರೆ 18 ತುಂಬಿರಬೇಕು. ನೀವು ಈಗ ಕಲಿಯಿರಿ, ಕಳಿಸುವುದು ಆಮೇಲೆ.

ಆ ಗುಡ್ಡದ ಚಿತ್ರವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಅದರಲ್ಲಿ ಏನೂ ಇಲ್ಲ! ಅದಕ್ಕೇ ಅದು ಕೆಲಸಕ್ಕೆ ಬಂತು, ಅದರ ಮೇಲೆ ಏನು ಇಟ್ಟರೂ ಕಾಣುತ್ತದೆ. ಕೊಳ್ಳುವವನು ಚಿತ್ರದ ಮೇಲೆ ಅಕ್ಷರ ಬರೆಯುತ್ತಾನೆ, ಅವನಿಗೆ ಜಾಗ ಬಿಡಬೇಕು. ನಾನು ಮೊದಲ ವರ್ಷ ಕಳಿಸಿದ್ದೆಲ್ಲ ಸೂರ್ಯಾಸ್ತ, ಹೂವು, ಜಲಪಾತ. ಅಂಥವು ಅಲ್ಲಿ ಲಕ್ಷಗಟ್ಟಲೆ ಬಿದ್ದಿವೆ. ನನ್ನದು ಮೊದಲು ಮಾರಾಟವಾದದ್ದು ಅಡಿಕೆ ಸುಲಿಯುವ ಎರಡು ಕೈಗಳ ಚಿತ್ರ. ನಮ್ಮ ಜಗಲಿಯಲ್ಲಿ ತೆಗೆದದ್ದು, ಎಡಗಡೆ ಅರ್ಧ ಬರೀ ನೆರಳು. ಕೊನೆ ಇಳಿಸುವುದು, ಅಡಿಕೆ ಬೇಯಿಸುವ ಹಂಡೆ, ಚೊಗರು ಹಿಡಿದ ಬೆರಳು, ಇವು ನಮಗೆ ದಿನದ ಗೋಳು. ಪಠ್ಯಪುಸ್ತಕ ಮಾಡುವವರಿಗೆ, ಕೃಷಿ ಪತ್ರಿಕೆಯವರಿಗೆ ಇವು ಬೇಕು.

ತೆಗೆಯುವ ರೀತಿ ಹೇಳುತ್ತೇನೆ. ಮೊದಲು ಫೋನಿನ ಲೆನ್ಸ್ ಒರೆಸಿ. ನಗಬೇಡಿ, ನನ್ನ ಎಷ್ಟೋ ಚಿತ್ರ ತಿರಸ್ಕಾರವಾದದ್ದು ಎಣ್ಣೆ ಬೆರಳಿನಿಂದ. ಫ್ಲಾಶ್ ಬೇಡ, ಕಿಟಕಿಯ ಅಥವಾ ಜಗಲಿಯ ಪಕ್ಕದ ಬೆಳಕು ಸಾಕು. ಜೂಮ್ ಮಾಡಬೇಡಿ, ಹತ್ತಿರ ಹೋಗಿ. ಒಂದೇ ಕೆಲಸವನ್ನು ಅಡ್ಡ, ಉದ್ದ, ದೂರ, ಹತ್ತಿರ ಎಂದು ನಾಲ್ಕಾರು ಬಗೆಯಲ್ಲಿ ತೆಗೆಯಿರಿ. ಚಿತ್ರ ಕನಿಷ್ಠ 4 ಮೆಗಾಪಿಕ್ಸೆಲ್ ಇರಬೇಕು. ಇವತ್ತಿನ ಫೋನುಗಳಿಗೆ ಅದು ಕಷ್ಟವಲ್ಲ, ಆದರೆ ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಕುಗ್ಗಿಹೋಗುತ್ತದೆ. ಕಂಪ್ಯೂಟರಿನಲ್ಲಿ ಪೂರ್ತಿ ಗಾತ್ರಕ್ಕೆ ಹಿಗ್ಗಿಸಿ ನೋಡಿದಾಗ ಮುಖ್ಯ ಭಾಗ ಮಸುಕಾಗಿದ್ದರೆ ಕಳಿಸಲೇಬೇಡಿ. ಅಂಗಿಯ ಮೇಲಿನ ಕಂಪನಿ ಗುರುತು, ಹಿಂದೆ ಬಿದ್ದಿರುವ ಬಿಸ್ಕತ್ ಪ್ಯಾಕೆಟ್, ಬೈಕಿನ ನಂಬರು, ಇವು ಚಿತ್ರದಲ್ಲಿ ಬರಬಾರದು. ಹಬ್ಬದ ಚಿತ್ರವನ್ನು ಹಬ್ಬದ ದಿನ ಕಳಿಸಿದರೆ ಯಾರೂ ಕೊಳ್ಳುವುದಿಲ್ಲ. ಈ ವರ್ಷದ ದೀಪಾವಳಿಯದನ್ನು ಇಟ್ಟುಕೊಂಡು ಮುಂದಿನ ವರ್ಷ ಎರಡು ಮೂರು ತಿಂಗಳು ಮೊದಲೇ ಕಳಿಸಿ.

ಇನ್ನು ಹುಡುಕುಪದ. ಅಡೋಬಿಯಲ್ಲಿ ಒಂದು ಚಿತ್ರಕ್ಕೆ 49ರವರೆಗೆ ಕೊಡಬಹುದು, ಮೊದಲ ಹತ್ತಕ್ಕೆ ತೂಕ ಹೆಚ್ಚು. ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟ ನಾಮಪದ, ಕ್ರಿಯಾಪದ ಇಲ್ಲಿ ಅನ್ನ ಕೊಡುತ್ತವೆ. 'ಸುಂದರ' ಎಂದು ಹಾಕಿದರೆ ಪ್ರಯೋಜನವಿಲ್ಲ. 'ಅಡಿಕೆ', 'ಸುಲಿಯುವುದು', 'ಕೈ', 'ಕರ್ನಾಟಕ' ಇವುಗಳ ಇಂಗ್ಲಿಷ್ ಪದ ಹಾಕಿ.

ದುಡ್ಡಿನ ಬಗ್ಗೆ ಆಸೆ ಹುಟ್ಟಿಸುವುದಿಲ್ಲ. ಅಡೋಬಿ ಫೋಟೊಗೆ 33 ಶೇಕಡಾ ಪಾಲು ಕೊಡುತ್ತದೆ, ಚಂದಾದಾರರು ಇಳಿಸಿಕೊಂಡರೆ ಅದು ಹಲವು ಸಲ 30-40 ಸೆಂಟ್ ಅಷ್ಟೆ. 25 ಡಾಲರ್ ಆಗುವವರೆಗೆ ಕೈಗೆ ಬರುವುದಿಲ್ಲ. ನನಗೆ ಅದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು.

ಈಗ ನಾನು ತಪ್ಪು ಮಾಡಿದ ಸಂಗತಿ. ಗುರುತು ಸಿಗುವ ಮುಖವಿದ್ದರೆ, ಜಾಹೀರಾತಿಗೆ ಮಾರಲು ಆ ವ್ಯಕ್ತಿಯ ಒಪ್ಪಿಗೆ ಪತ್ರ ಬೇಕು. ಮಕ್ಕಳಾದರೆ ಅಪ್ಪ ಅಮ್ಮನ ಸಹಿ. ನಮ್ಮ ಪಕ್ಕದ ಮನೆಯ ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಮಳೆ ನೋಡುತ್ತ ಕೂತಿದ್ದರು. ಬಹಳ ಒಳ್ಳೆಯ ಚಿತ್ರ ಬಂತು. ಇಂಗ್ಲಿಷಿನ ಅರ್ಜಿ ಮುಂದಿಟ್ಟು "ಅಜ್ಜೀ, ಇಲ್ಲೊಂದು ಸಹಿ" ಅಂದೆ. ನಾನು ಎತ್ತಾಡಿಸಿದ ಹುಡುಗ ಅಂತ ಹಾಕಿದರು. ಓದಿ ಹೇಳಲಿಲ್ಲ ನಾನು. ಒಂದೂವರೆ ವರ್ಷದ ನಂತರ ಅವರ ಮಗ ಫೋನಿನಲ್ಲಿ ಒಂದು ಜಾಹೀರಾತು ತೋರಿಸಿದರು. ಅಜ್ಜಿಯ ಮುಖ, ಕೆಳಗೆ 'ಮುಪ್ಪಿನಲ್ಲಿ ಒಂಟಿಯೇ?' ಎಂಬ ಅರ್ಥದ ಸಾಲು. ನಾಲ್ಕು ಮಕ್ಕಳು, ಒಂಬತ್ತು ಮೊಮ್ಮಕ್ಕಳ ಅಜ್ಜಿ.

ಊರಿಗೆ ಹೋದಾಗ ಅವರು ಬೈಯಲಿಲ್ಲ. ಕಾಫಿ ಕೊಟ್ಟು, "ಅಲ್ಲ ಮಾರಾಯ, ನಾನು ಒಬ್ಳೇ ಇದೀನಿ ಅಂತ ಯಾರಿಗೆ ಹೇಳ್ದೆ ನೀನು?" ಅಂದರು. ನನಗೆ ಉತ್ತರ ಇರಲಿಲ್ಲ. ಆ ರಾತ್ರಿಯೇ ಚಿತ್ರ ತೆಗೆದುಹಾಕಿದೆ. ಆದರೆ ಮೊದಲೇ ಕೊಂಡವರ ಹಕ್ಕು ಹಾಗೇ ಉಳಿಯುತ್ತದೆ, ಅದನ್ನು ವಾಪಸ್ ತರಲಾಗುವುದಿಲ್ಲ. ಅದರಿಂದ ನನಗೆ ಬಂದದ್ದು ಎರಡು ಡಾಲರಿಗೂ ಕಡಿಮೆ.

ಈಗ ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳುತ್ತೇನೆ. ಈ ಮುಖ ಔಷಧಿ ಡಬ್ಬಿಯ ಮೇಲೂ ಬರಬಹುದು, ಸಾಲದ ಜಾಹೀರಾತಿನಲ್ಲೂ ಬರಬಹುದು, ಯಾವುದೆಂದು ನನಗೇ ಗೊತ್ತಾಗುವುದಿಲ್ಲ, ಆಮೇಲೆ ಬೇಡ ಅಂದರೂ ಪೂರ್ತಿ ಅಳಿಸಲಾಗದು ಅಂತ. ಹತ್ತರಲ್ಲಿ ಆರು ಜನ ಬೇಡ ಅನ್ನುತ್ತಾರೆ. ಅವರ ಕೈಗಳನ್ನಷ್ಟೇ ತೆಗೆಯುತ್ತೇನೆ, ಅದಕ್ಕೂ ಕೇಳಿಯೇ. ತೆಗೆದದ್ದರ ಒಂದು ಪ್ರತಿ ಅಚ್ಚು ಹಾಕಿಸಿ ಅವರಿಗೆ ಕೊಡುತ್ತೇನೆ. ಅಜ್ಜಿಯ ಆ ಮಳೆಯ ಚಿತ್ರ ಈಗ ಅವರ ದೇವರ ಕೋಣೆಯ ಹೊರಗೆ ಚೌಕಟ್ಟಿನಲ್ಲಿದೆ.

ಮಧ್ಯಾಹ್ನ ಊಟವಾದ ಮೇಲೆ ವಿಜ್ಞಾನದ ಕೋಣೆಯಲ್ಲಿ ಇರುತ್ತೇನೆ. ಆಸಕ್ತಿ ಇದ್ದವರು ಮನೆಯವರ ಫೋನು ತನ್ನಿ. ಲೆನ್ಸ್ ಒರೆಸಿಕೊಂಡು ಬನ್ನಿ.