ತೆರಿಗೆ ಪದ್ಧತಿ ಬದಲಾಯಿತು, ಆಸ್ಪತ್ರೆಯ ಬಿಲ್ಲು ಬದಲಾಗಲಿಲ್ಲ

(ವಾಕಡದಲ್ಲಿ ಜನವರಿ 2026ರಲ್ಲಿ ನಡೆದ ಸಂಘದ ಸಂಕ್ರಾಂತಿ ಮಿಲನದಲ್ಲಿ ವೈದ್ಯಕೀಯ ನೆರವು ಸಮಿತಿಯ ಸದಸ್ಯರೊಬ್ಬರು ಆಡಿದ ಮಾತುಗಳ ಬರಹರೂಪ)



ಎಳ್ಳು-ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕು ಅಂತಾರೆ. ನಾನು ತೆರಿಗೆಯ ಮಾತು ತೆಗೆಯುತ್ತಿದ್ದೇನೆ, ಕ್ಷಮಿಸಿ. ಆದರೆ ಮಾರ್ಚ್ ಬರುವ ಮೊದಲೇ ಈ ಮಾತು ಆಗಬೇಕು.

ಮೊದಲೆಲ್ಲ ಮಾರ್ಚ್ ತಿಂಗಳಲ್ಲಿ ಸದಸ್ಯರು ನನಗೆ ಫೋನ್ ಮಾಡಿ "80ಜಿ ರಸೀದಿ ಯಾವಾಗ ಕಳಿಸ್ತೀರಿ?" ಅಂತ ಕೇಳುತ್ತಿದ್ದರು. ಈಗೆರಡು ವರ್ಷದಿಂದ ಬರುವ ಫೋನೇ ಬೇರೆ. "ಸರ್, ನಾನು ಹೊಸ ಪದ್ಧತಿಗೆ ಬಂದುಬಿಟ್ಟೆ. 80ಜಿ ಸಿಗೋದಿಲ್ಲ. ಹಾಗಾಗಿ ಈ ಸಲ..." ಅಂತ ಅಲ್ಲಿಗೇ ಮಾತು ನಿಲ್ಲಿಸುತ್ತಾರೆ. ಹೀಗೆ ಹೇಳಿದವರ ಮೇಲೆ ನನಗೆ ಬೇಸರವಿಲ್ಲ. ಆದರೆ ಅವರ ಲೆಕ್ಕದಲ್ಲಿ ಒಂದು ತಪ್ಪಿದೆ. ಅದನ್ನು ಇವತ್ತು ಬಿಡಿಸಿ ಹೇಳುತ್ತೇನೆ.

ಆಗಿರುವುದು ಇಷ್ಟು. 2020ರ ಬಜೆಟ್‌ನಲ್ಲಿ ಬಂದ ಹೊಸ ತೆರಿಗೆ ಪದ್ಧತಿ 2023-24ರಿಂದ ತಾನಾಗಿಯೇ ಅನ್ವಯವಾಗುತ್ತದೆ. ಬೇಡ ಅಂದರೆ ನಾವೇ ಹಳೆಯದನ್ನು ಆರಿಸಿಕೊಳ್ಳಬೇಕು. ಹೊಸದರಲ್ಲಿ ದರ ಕಡಿಮೆ, ಆದರೆ 80ಸಿ ಇಲ್ಲ, 80ಡಿ ಇಲ್ಲ, ದಾನಕ್ಕೆ 80ಜಿ ಕೂಡ ಇಲ್ಲ. ಕಳೆದ ವರ್ಷದ ಬಜೆಟ್ ಆದ ಮೇಲೆ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆಯೇ ಬರುವುದಿಲ್ಲ. ಹಿಂಜವಡಿಯಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಅದನ್ನು ಆರಿಸಿಕೊಂಡರೆ ತಪ್ಪೇನಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ನೀವು ಹಳೆ ಪದ್ಧತಿಯಲ್ಲಿ, 30 ಶೇಕಡಾ ದರದಲ್ಲಿ ಇದ್ದಿರಿ ಅಂತ ಇಟ್ಟುಕೊಳ್ಳಿ. ಸಂಘಕ್ಕೆ 20,000 ರೂಪಾಯಿ ಕೊಟ್ಟಿರಿ. ನಮ್ಮಂಥ ಸಂಸ್ಥೆಗೆ ಕೊಟ್ಟದ್ದರಲ್ಲಿ ಅರ್ಧ, ಅಂದರೆ 10,000 ಮಾತ್ರ ಆದಾಯದಿಂದ ಕಳೆಯುತ್ತದೆ. ಅದರ ಮೇಲೆ ಸೆಸ್ ಸೇರಿ 31.2 ಶೇಕಡಾ. ನಿಮಗೆ ಉಳಿದದ್ದು 3,120 ರೂಪಾಯಿ. ಮಿಕ್ಕ 16,880 ರೂಪಾಯಿ ಆಗಲೂ ನಿಮ್ಮ ಜೇಬಿನದೇ ಆಗಿತ್ತು.

ಅಂದರೆ ಹೊಸ ಪದ್ಧತಿಯಿಂದ ನೀವು ಕಳೆದುಕೊಂಡದ್ದು 3,120. ಅದನ್ನು ಕಡಿಮೆ ಮಾಡಿ 16,880 ಕೊಟ್ಟರೆ ನಿಮಗೆ ಒಂದು ಪೈಸೆಯೂ ಹೆಚ್ಚು ಹೊರೆಯಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ 20,000 ಇಳಿದು ಸೊನ್ನೆಯಾಗಿದೆ. ಸರ್ಕಾರ ಹಿಂತೆಗೆದುಕೊಂಡದ್ದು ಮೂರು ಸಾವಿರ ಚಿಲ್ಲರೆ, ನಾವು ರೋಗಿಯಿಂದ ಹಿಂತೆಗೆದುಕೊಂಡದ್ದು ಇಪ್ಪತ್ತು ಸಾವಿರ. ಇನ್ನೊಂದು ಮಾತು. ಹೊಸ ಪದ್ಧತಿಯಲ್ಲೇ ಇದ್ದು 12 ಲಕ್ಷ ತೆರಿಗೆಯ ಆದಾಯ ಇರುವವರು 2024-25ರಲ್ಲಿ ಸೆಸ್ ಬಿಟ್ಟು 80,000 ಕಟ್ಟಿದ್ದರು. ಈ ವರ್ಷ ಅವರಿಗೆ ತೆರಿಗೆ ಇಲ್ಲ. ಆ ಉಳಿತಾಯವನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ?

ಇನ್ನು ಯಾರಿಗೆ 80ಜಿ ಈಗಲೂ ಉಪಯೋಗ? ಮನೆ ಸಾಲದ ಬಡ್ಡಿ, ಮನೆ ಬಾಡಿಗೆ ಭತ್ಯೆ, ವಿಮೆ, ಪಿಎಫ್ ಎಲ್ಲ ದೊಡ್ಡದಾಗಿ ಇರುವವರಿಗೆ ಹಳೆ ಪದ್ಧತಿ ಲಾಭವಾಗಬಹುದು. ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿ ನೋಡಿ. ದಾನ ಒಂದಕ್ಕಾಗಿ ಹಳೆ ಪದ್ಧತಿಗೆ ಹೋಗಬೇಡಿ, ಅದು ಗಿಟ್ಟುವುದಿಲ್ಲ. ಸಂಬಳದಾರರು ಆಫೀಸಿನಲ್ಲಿ ಹೊಸದು ಅಂತ ಬರೆದುಕೊಟ್ಟಿದ್ದರೂ ರಿಟರ್ನ್ ಹಾಕುವಾಗ ಹಳೆಯದಕ್ಕೆ ಬರಬಹುದು. ಆದರೆ ಗಡುವಿನೊಳಗೆ, ಅಂದರೆ ಜುಲೈ 31ರೊಳಗೆ, ರಿಟರ್ನ್ ಹಾಕಲೇಬೇಕು. ತಡವಾದರೆ ಆ ಆಯ್ಕೆ ಹೋಯಿತು.

ಹಳೆ ಪದ್ಧತಿಯವರು ನೆನಪಿಡಬೇಕಾದ ನಾಲ್ಕು ಮಾತು:

ಒಂದು, 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ 80ಜಿ ಇಲ್ಲ. ಚೆಕ್, ಯುಪಿಐ, ಬ್ಯಾಂಕ್ ವರ್ಗಾವಣೆ ಮಾಡಿ.

ಎರಡು, ಔಷಧಿ, ಕಂಬಳಿ, ಗಾಲಿಕುರ್ಚಿ ಕೊಟ್ಟರೆ ನಮಗೆ ಬಹಳ ಸಂತೋಷ, ಆದರೆ ವಸ್ತುರೂಪದ ದಾನಕ್ಕೆ ತೆರಿಗೆ ಲಾಭವಿಲ್ಲ.

ಮೂರು, ರೋಗಿಯ ಖಾತೆಗೆ ನೇರವಾಗಿ ಹಾಕಿದ ಹಣಕ್ಕೂ ಇಲ್ಲ. ನಾನೇ ಒಮ್ಮೆ ಸಹೋದ್ಯೋಗಿಯ ತಂದೆಯ ಆಸ್ಪತ್ರೆ ಬಿಲ್ಲು ಕಟ್ಟಿ, ಆ ರಸೀದಿ ಹಿಡಿದು ಲೆಕ್ಕಪರಿಶೋಧಕರ ಹತ್ತಿರ ಹೋಗಿದ್ದೆ. ಅವರು ನಕ್ಕು, "ಪುಣ್ಯದ ಖಾತೆಗೆ ಬರೆದುಕೊಳ್ಳಿ" ಅಂದರು.

ನಾಲ್ಕು, ಪ್ಯಾನ್ ಸಂಖ್ಯೆ ಸರಿಯಾಗಿ ಕೊಡಿ. 2021-22ರಿಂದ ಸಂಸ್ಥೆಗಳು ಪ್ರತಿ ದಾನದ ವಿವರವನ್ನು ಫಾರ್ಮ್ 10ಬಿಡಿಯಲ್ಲಿ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ, ನಿಮಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ರಸೀದಿ ಪುಸ್ತಕದ ಚೀಟಿ ಒಂದೇ ಸಾಲದು. ಪ್ಯಾನಿನ ಒಂದಕ್ಷರ ತಪ್ಪಿದರೂ ನಿಮ್ಮ ದಾನ ನಿಮ್ಮ ಹೆಸರಿಗೆ ಕಾಣುವುದಿಲ್ಲ.

ಏಪ್ರಿಲ್ 1, 2026ರಿಂದ 1961ರ ಕಾನೂನು ಹೋಗಿ ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬರುತ್ತದೆ. ನಮ್ಮ ಬಾಯಿಪಾಠವಾದ 80ಜಿ ಅಲ್ಲಿ ಸೆಕ್ಷನ್ 133 ಆಗುತ್ತದೆ. ಗಾಬರಿ ಬೇಡ. 2021ರಲ್ಲಿ ಮರುನೋಂದಣಿಯಾದ ಸಂಸ್ಥೆಗಳ ಐದು ವರ್ಷದ ಅವಧಿ ಇದೇ ಮಾರ್ಚ್ 31ಕ್ಕೆ ಮುಗಿಯುತ್ತದೆ. ನಮ್ಮ ಸಂಘ ನವೀಕರಣದ ಅರ್ಜಿಯನ್ನು ಸೆಪ್ಟೆಂಬರ್‌ನಲ್ಲೇ ಹಾಕಿದೆ. ಯಾವ ಸಂಸ್ಥೆಗೇ ಕೊಡಿ, ಏಪ್ರಿಲ್ ನಂತರ ಈ ಒಂದು ಪ್ರಶ್ನೆ ಕೇಳಿ: "ನಿಮ್ಮ ಮಾನ್ಯತೆ ಎಲ್ಲಿಯವರೆಗೆ?" ಕೇಳುವುದರಲ್ಲಿ ಸಂಕೋಚ ಬೇಡ.

ವಿದೇಶದಲ್ಲಿರುವ ಮಕ್ಕಳ ಬಗ್ಗೆ ಕೇಳುತ್ತೀರಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡಬಹುದು. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ, ಕೊಟ್ಟರೆ ಅದು ವಿದೇಶಿ ದೇಣಿಗೆ. ಅದನ್ನು ಪಡೆಯುವ ನೋಂದಣಿ ನಮಗಿಲ್ಲ. ಆದ್ದರಿಂದ ಪ್ರೀತಿಯಿಂದಲೇ ಬೇಡ ಅನ್ನುತ್ತೇವೆ.

ಕೊನೆಯದಾಗಿ ನನ್ನ ಬೇಡಿಕೆ. ಮಹಾರಾಷ್ಟ್ರದಲ್ಲಿ ಧರ್ಮಾರ್ಥ ಆಸ್ಪತ್ರೆಗಳು 10 ಶೇಕಡಾ ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನೊಂದು 10 ಶೇಕಡಾವನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಇಡಬೇಕೆಂಬ ನಿಯಮವಿದೆ. ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯೂ ಇದೆ. ಆದರೆ ಕಲಬುರಗಿ, ಯಾದಗಿರಿ ಕಡೆಯಿಂದ ಇಲ್ಲಿ ಕಟ್ಟಡ ಕೆಲಸಕ್ಕೆ ಬಂದವರ ರೇಷನ್ ಕಾರ್ಡ್ ಊರಲ್ಲಿ, ಜ್ವರದ ಮಗು ಇಲ್ಲಿ. ಕಾಗದ ಹೊಂದಿಸುವ ಮೊದಲ ನಾಲ್ಕು ದಿನ ಸ್ಕ್ಯಾನ್, ಔಷಧಿ, ಜೊತೆಗಿದ್ದವರ ಊಟ, ರಿಕ್ಷಾ ಬಾಡಿಗೆ ಯಾರು ಕೊಡಬೇಕು? ಸಂಘದ ಹಣ ಕೆಲಸಕ್ಕೆ ಬರುವುದು ಆ ನಾಲ್ಕು ದಿನದಲ್ಲಿ. ಆ ನಾಲ್ಕು ದಿನ ಮಾರ್ಚ್‌ನಲ್ಲೇ ಬರುತ್ತವೆ ಅಂತೇನಿಲ್ಲ. ಮಾರ್ಚ್‌ನಲ್ಲಿ ನಮ್ಮ ಖಾತೆ ತುಂಬಿ ಆಗಸ್ಟ್‌ನಲ್ಲಿ ಬರಿದಾದರೆ, ಆಗಸ್ಟ್‌ನಲ್ಲಿ ಬಂದವರಿಗೆ ಏನು ಹೇಳಲಿ?

ಆದ್ದರಿಂದ ವರ್ಷಕ್ಕೊಮ್ಮೆ ಕೊಡುವುದನ್ನು ತಿಂಗಳಿಗಿಷ್ಟು ಅಂತ ಮಾಡಿ. ಆ 16,880 ಹಂಚಿದರೆ ತಿಂಗಳಿಗೆ ಸುಮಾರು 1,400 ರೂಪಾಯಿ. ಬ್ಯಾಂಕಿಗೆ ಒಮ್ಮೆ ಸೂಚನೆ ಕೊಟ್ಟರೆ ಎಸ್‌ಐಪಿಯ ಹಾಗೆ ತಾನೇ ಹೋಗುತ್ತದೆ. ಅಷ್ಟಾಗದಿದ್ದರೆ 200 ಸಾಕು, ತಪ್ಪದೆ ಬಂದರೆ ಸಾಕು. ಹಳೆ ಪದ್ಧತಿಯಲ್ಲೇ ಇದ್ದು ತೆರಿಗೆ ಉಳಿಸಿದವರು ಆ ಉಳಿದದ್ದನ್ನೂ ಸೇರಿಸಿ ಕೊಟ್ಟರೆ ಇನ್ನೂ ಸಂತೋಷ.

ದಾಸೋಹದ ನಾಡಿನಿಂದ ಬಂದವರು ನಾವು. ಆಗ 80ಜಿ ಇರಲಿಲ್ಲ, ದಾಸೋಹ ನಡೆಯುತ್ತಿತ್ತು. ಹೊರಗಿನ ಮೇಜಿನ ಮೇಲೆ ಮಾಸಿಕ ದೇಣಿಗೆಯ ಫಾರ್ಮ್ ಇಟ್ಟಿದ್ದೇವೆ. ಹೋಗುವಾಗ ತುಂಬಿಸಿ ಹೋಗಿ, ಪ್ಯಾನ್ ಸಂಖ್ಯೆ ಎರಡು ಸಲ ನೋಡಿ ಬರೆಯಿರಿ.