ಹುಲ್ಲುಗಾವಲು ಉತ್ತವರಾರು, ನೀರಿನ ಸುಂಕ ತೆತ್ತವರಾರು?

(ನಮ್ಮ ವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಇಂಗ್ಲೆಂಡಿನ ಹುಲ್ಲುಗಾವಲಿನ ಮಾತು ಗಿರಣಿ ಕೆಲಸಗಾರರಿಗೆ, ಅಂಗಡಿಕಾರರಿಗೆ ಏಕೆ ಎಂದು ಕೆಲವರು ಕೇಳಿದರು. ಹೊಲದಲ್ಲಿ ನಡೆದುದಕ್ಕೆ ಪಟ್ಟಣದ ನಲ್ಲಿಯಲ್ಲಿ ನೀರು ಹಿಡಿಯುವವನು ಹಣ ತೆತ್ತ ಕಥೆ ಇದು. ಅದಕ್ಕಾಗಿಯೇ ಎತ್ತಿಕೊಂಡಿದ್ದೇವೆ.

1939ರಲ್ಲಿ ಯುದ್ಧ ಹತ್ತಿರವಾದಾಗ, ಹಡಗಿನಲ್ಲಿ ಬರುವ ಗೋಧಿಯನ್ನು ನಂಬಿ ಕೂರಲಾಗದೆಂದು ಬ್ರಿಟಿಷ್ ಸರಕಾರ ಹಳೆಯ ಹುಲ್ಲುಗಾವಲನ್ನು ಉತ್ತವರಿಗೆ ಎಕರೆಗೆ 2 ಪೌಂಡ್ ಸಹಾಯಧನ ಸಾರಿತು. ಕೆಲವೇ ವರ್ಷಗಳಲ್ಲಿ ಸುಮಾರು 60 ಲಕ್ಷ ಎಕರೆ ಹೊಸದಾಗಿ ನೇಗಿಲಿನ ಕೆಳಗೆ ಬಂತು. ವೇಲ್ಸಿನಲ್ಲಿ ಹುಲ್ಲಿನ ಸಂಶೋಧನೆ ನಡೆಸುತ್ತಿದ್ದ ಜಾರ್ಜ್ ಸ್ಟೇಪಲ್ಡನ್ ಕೂಡ ಇದನ್ನೇ ಸಾರುತ್ತಿದ್ದರು: ಸೊರಗಿದ ಹುಲ್ಲುಗಾವಲನ್ನು ಉತ್ತು, ಒಳ್ಳೆಯ ಹುಲ್ಲಿನ ಬೀಜ ಬಿತ್ತಿ ಹೊಸದು ಮಾಡಿರಿ ಎಂದು. ಜನಕ್ಕೆ ಅನ್ನ ಬೇಕಾಗಿತ್ತು. ಆ ಉಳುಮೆಯನ್ನು ನಾವು ಹಳಿಯುವುದಿಲ್ಲ.

ಆದರೆ ಮಣ್ಣು ತನ್ನದೇ ಖಾತೆ ಇಟ್ಟಿರುತ್ತದೆ. ಹತ್ತಾರು ವರ್ಷ ಹುಲ್ಲು ಬೆಳೆದ ನೆಲದಲ್ಲಿ ಬೇರು, ಸಗಣಿ ಕೊಳೆತು ಸಾರಜನಕ ಇಡುಗಂಟಿನಂತೆ ಸೇರಿರುತ್ತದೆ. ನೇಗಿಲು ಮಣ್ಣನ್ನು ಮಗುಚಿ ಗಾಳಿ ಆಡಿಸಿದೊಡನೆ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಮಣ್ಣಿಗೆ ಅಂಟಿ ನಿಲ್ಲದು, ನೀರಿನೊಡನೆ ಇಳಿದುಹೋಗುತ್ತದೆ. ಶರತ್ಕಾಲದಲ್ಲಿ ಉತ್ತರೆ ಕೇಡು ಹೆಚ್ಚು. ಮುಂದಿರುವುದು ಚಳಿಗಾಲದ ಮಳೆ, ಹೀರಿಕೊಳ್ಳಲು ಹೊಲದಲ್ಲಿ ಸಾಕಷ್ಟು ಬೇರಿಲ್ಲ. ವಸಂತದಲ್ಲಿ ಉತ್ತು ಕೂಡಲೆ ಬಿತ್ತಿದರೆ ಎಳೆಯ ಹುಲ್ಲೇ ಬಹುಭಾಗವನ್ನು ಉಣ್ಣುತ್ತದೆ. ನೇಗಿಲು ಅದೇ, ತಿಂಗಳು ಮಾತ್ರ ಬೇರೆ.

1960ರ ದಶಕದಲ್ಲಿ ಪ್ಯಾರಾಕ್ವಾಟ್ ಎಂಬ ವಿಷ ಸಿಂಪಡಿಸಿ ಹಳೆಯ ಹುಲ್ಲನ್ನು ಕೊಂದು, ಉಳದೆಯೇ ಬಿತ್ತುವ ಕ್ರಮ ಬಂತು. (2007ರಲ್ಲಿ ಯುರೋಪಿನ ನ್ಯಾಯಾಲಯದ ತೀರ್ಪಿನಿಂದ ಅಲ್ಲಿ ಅದರ ಬಳಕೆ ನಿಂತಿತು. ಆ ಕಥೆ ಇನ್ನೊಂದು ದಿನಕ್ಕಿರಲಿ.) ಹೀಗೆ ಮಾಡಿದರೆ ಇಳಿಜಾರಿನ ಮಣ್ಣು ಕೊಚ್ಚಿಹೋಗುವುದೂ, ಅದಕ್ಕಂಟಿದ ರಂಜಕ ಹೊಳೆ ಸೇರುವುದೂ ತಗ್ಗುತ್ತದೆ. ಆದರೆ ವರ್ಷವರ್ಷ ಹಾಕಿದ ಗೊಬ್ಬರದ ರಂಜಕ ಮೇಲ್ಪದರದಲ್ಲೇ ಕೂತಿರುವುದರಿಂದ, ಜೋರು ಮಳೆಗೆ ಒಂದಿಷ್ಟು ಕರಗಿ ಹರಿಯುತ್ತದೆ. ಹೊಳೆಯಲ್ಲಿ ಪಾಚಿ ಕೊಬ್ಬುತ್ತದೆ, ಮೀನು ಉಸಿರುಗಟ್ಟುತ್ತದೆ.

ಈಗ ನಲ್ಲಿಗೆ ಬರೋಣ. ದಕ್ಷಿಣ ಇಂಗ್ಲೆಂಡಿನ ಅನೇಕ ಊರುಗಳು ಕುಡಿಯುವುದು ಸೀಮೆಸುಣ್ಣದ ಬಂಡೆಯೊಳಗಿನ ಅಂತರ್ಜಲವನ್ನು. ಆ ಬಂಡೆಯಲ್ಲಿ ನೈಟ್ರೇಟ್ ಇಳಿಯುವುದು ವರ್ಷಕ್ಕೆ ಸುಮಾರು 1 ಮೀಟರ್. ನೀರು 40 ಮೀಟರ್ ಆಳದಲ್ಲಿದ್ದರೆ 40 ವರ್ಷ! ಯುದ್ಧಕಾಲದಲ್ಲಿ ಉತ್ತುದರ ಬಾಕಿ ಮೊಮ್ಮಕ್ಕಳ ಕಾಲಕ್ಕೆ ಬಂತು. ಯುದ್ಧಾನಂತರ ಸುರಿದ ರಾಸಾಯನಿಕ ಗೊಬ್ಬರದ ಪಾಲು ಅದರ ಮೇಲೆ ಸೇರಿತು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಮ್ ಮೀರಬಾರದೆಂಬುದು ಅಲ್ಲಿಯ ಕಟ್ಟಳೆ, ನಮ್ಮ ದೇಶದಲ್ಲಿ 45. ಬಹಳ ಹೆಚ್ಚಾದರೆ, ಆ ನೀರಿನಲ್ಲಿ ಕಲಸಿದ ಪುಡಿಹಾಲು ಕುಡಿಯುವ ಹಸುಗೂಸಿನ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟಬಹುದು.

1989ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ನೀರು ಸರಬರಾಜನ್ನು ಖಾಸಗಿಯವರಿಗೆ ಮಾರಲಾಯಿತು. ನೈಟ್ರೇಟ್ ತೆಗೆಯುವ ಯಂತ್ರದ ಖರ್ಚು, ಬೇರೆ ಕಡೆಯ ನೀರು ತಂದು ಬೆರೆಸುವ ಖರ್ಚು, ಎಲ್ಲವೂ ಮನೆಮನೆಯ ಬಿಲ್ಲಿಗೆ ಬೀಳುತ್ತದೆ. ಗೊಬ್ಬರ ಮಾರಿದ ಕಂಪೆನಿಯವರು ಎಂದೋ ಲಾಭ ಎಣಿಸಿಕೊಂಡಿದ್ದಾರೆ. ರೈತನೊಬ್ಬನನ್ನೇ ಕಟಕಟೆಗೆ ನಿಲ್ಲಿಸುವವರ ಜೊತೆ ನಾವಿಲ್ಲ. ಉಳುವುದಕ್ಕೆ ಎಕರೆಗೆ 2 ಪೌಂಡ್ ಕೊಡಲು ಬೊಕ್ಕಸಕ್ಕೆ ಸಾಧ್ಯವಾಗಿದ್ದರೆ, ವಸಂತದವರೆಗೆ ತಡೆದು ಉಳುವ ರೈತನ ನಷ್ಟವನ್ನೂ ಅದೇ ಬೊಕ್ಕಸ ತುಂಬಿಕೊಡಬಹುದು, ಗೊಬ್ಬರದ ಕಂಪೆನಿಗಳ ಲಾಭದ ಮೇಲೆ ತೆರಿಗೆ ಹಾಕಿ.